ಕಡಲ ತಳದ ಸಾಕ್ಷಿ

ಗೋವೆಯ ಮುರ್ಮಗೋವಾ ಬಳಿ ಕಡಲು ನೋಡಿದರೆ ಕಾಣುವುದು ಬರೀ ಅಲೆ. ಅಲ್ಲೇ ಸುಂಚಿ ಎಂಬ ಬಂಡೆಸಾಲಿನ ಹತ್ತಿರ 17ನೇ ಶತಮಾನದ ಪೋರ್ಚುಗೀಸ್ ಹಡಗೊಂದರ ಅವಶೇಷಗಳಿವೆ. ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ ಫಿರಂಗಿ, ಆನೆದಂತ, ನೀರಾನೆಯ ಹಲ್ಲು, ಚೀನೀ ಪಿಂಗಾಣಿ ಚೂರುಗಳನ್ನು ಕಂಡರು.

ಬಿದ್ದ ಜಾಗದಲ್ಲೇ ಇದ್ದರೆ ಇವು ಹಡಗಿನ ಕತೆ ಹೇಳುತ್ತವೆ; ಕದ್ದು ಮಾರಿದರೆ ಬರೀ ಶೋಕೇಸಿನ ಸಾಮಾನು. ಆದ್ದರಿಂದಲೇ 2001ರ ಯುನೆಸ್ಕೋ ಒಪ್ಪಂದವು ಇಂತಹ ಸೊತ್ತಿನ ವ್ಯಾಪಾರ ಸಲ್ಲದು, ಮೊದಲು ಇದ್ದಲ್ಲೇ ಕಾಯಬೇಕು ಎಂದಿತು.

1542ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಗೋವೆಗೆ ಬಂದದ್ದೂ ಕಡಲ ಹಾದಿಯಲ್ಲೇ. ಆ ಹಾದಿಯಲ್ಲಿ ದಡ ಸೇರದವರು ಎಷ್ಟೋ ಮಂದಿ. ಸಮಾಧಿಯ ಶಿಲುಬೆಯನ್ನು ನಾವು ಕಿತ್ತು ಮನೆಗೆ ಒಯ್ಯುತ್ತೇವೆಯೇ? ಹಳೆಗೋವೆಗೆ ಯಾತ್ರೆ ಹೋದಾಗ ಕಡಲ ಕಡೆ ತಿರುಗಿ ಅವರಿಗಾಗಿಯೂ ಒಂದು ಜಪ ಹೇಳೋಣ.