ಶ್ವಪುಚ್ಛನ್ಯಾಯವೂ ಅಭ್ಯಾಸಯೋಗವೂ

ನಾಯಿಯ ಬಾಲವನ್ನು ನೆಟ್ಟಗೆ ಮಾಡಹೊರಟವನ ವ್ಯರ್ಥಪ್ರಯತ್ನವನ್ನು ಶಾಸ್ತ್ರಕಾರರು ಒಂದು ನ್ಯಾಯವನ್ನಾಗಿಯೇ ಮಾಡಿ ಇಟ್ಟಿರುವರು. ಅದಕ್ಕೆ ಶ್ವಪುಚ್ಛನ್ಯಾಯವೆಂದು ಹೆಸರು. ಎಷ್ಟು ಹೊತ್ತು ನೀವಿ ಹಿಡಿದರೂ ಕೈಬಿಟ್ಟೊಡನೆ ಬಾಲವು ಮೊದಲಿನಂತೆಯೇ ಡೊಂಕಾಗುವುದು; ಆದುದರಿಂದ ಸ್ವಭಾವವನ್ನು ತಿದ್ದಲು ಯತ್ನಿಸುವುದು ನಿಷ್ಫಲವೆಂದು ತಾತ್ಪರ್ಯ. ಕನ್ನಡದ ಗಾದೆಯೂ ಇದೇ ಮಾತನ್ನೇ ಹೇಳುವುದು. ಬಾಲದ ಮಟ್ಟಿಗೆ ಇದು ನಿಜವೇ ಸರಿ. ಆದರೆ ಜನರು ಈ ನ್ಯಾಯವನ್ನು ಬಾಲದಿಂದ ಇಡೀ ನಾಯಿಗೆ ವಿಸ್ತರಿಸಿ, ಬೀದಿಯಲ್ಲಿ ಕಂಡಕಂಡವರ ಮೇಲೆ ಕೆರಳಿ ಬೊಗಳುವ ನಾಯಿಯು ಎಂದೆಂದಿಗೂ ಹಾಗೆಯೇ ಇರುವುದೆಂದು ತೀರ್ಮಾನಿಸಿಬಿಡುವರು. ಬಾಲದ ಡೊಂಕು ಎಲುಬಿನಲ್ಲಿರುವುದು. ಇಂಥ ಬೊಗಳುವಿಕೆಯ ಮೂಲವಾದರೋ ಬಹುಮಟ್ಟಿಗೆ ಭಯದಲ್ಲಿರುವುದು. ಎಲುಬನ್ನು ತಿದ್ದಲಾಗದು, ಭಯವನ್ನು ಕಡಮೆ ಮಾಡಬಹುದು. ಅದು ಕಡಮೆಯಾಗುವಷ್ಟು ಕಾಲ ಮನುಷ್ಯನ ಉತ್ಸಾಹವು ನಿಲ್ಲುವುದೇ ಎಂಬುದೊಂದೇ ಪ್ರಶ್ನೆ.

ಕೋಲಾರದ ಚಿನ್ನದ ಗಣಿಪ್ರದೇಶದಲ್ಲಿ ಈ ಪ್ರಶ್ನೆಗೆ ಒಂದು ವಿಶೇಷವಾದ ಕಾಠಿನ್ಯವುಂಟು. ೧೮೮೦ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಗಣಿಗಳನ್ನು ಕೈಗೊಂಡ ಮೇಲೆ ಕೂಲಿಕಾರರಿಗಾಗಿ ಸಾಲುಸಾಲಾಗಿ ಎದ್ದ ಮನೆಗಳಿಗೆ ಲೈನುಗಳೆಂದೇ ಹೆಸರು ನಿಂತಿತು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು; ಲೈನುಗಳು ಮಾತ್ರ ಉಳಿದುವು. ಬಾಗಿಲಿಗೆ ಬಾಗಿಲು, ಗೋಡೆಗೆ ಗೋಡೆ. ಇಂಥ ಲೈನಿನಲ್ಲಿ ವಾಸಿಸುವ ಒಬ್ಬ ಗೃಹಸ್ಥನನ್ನು ವಾಚಕರು ಭಾವಿಸಿಕೊಳ್ಳಲಿ. ಊರಿನ ಸಾವಿರಾರು ಜನರಂತೆ ಅವನೂ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂತಿರುಗತಕ್ಕವನು. ಮನೆಯಲ್ಲಿ ಒಂದು ನಾಟಿ ನಾಯಿ. ಮರಿಯಾಗಿದ್ದಾಗ ಬೀದಿನಾಯಿಗಳಿಂದ ಕಚ್ಚಿಸಿಕೊಂಡುದು ಅದರ ಮನಸ್ಸಿನಿಂದ ಹೋಗಿಲ್ಲ. ಹೊಸಿಲು ದಾಟಿದೊಡನೆ ಮತ್ತೊಂದು ನಾಯಿ ಕಣ್ಣಿಗೆ ಬಿದ್ದರೆ ಸಾಕು, ಹಗ್ಗ ಹರಿಯುವಂತೆ ಎಗರಿ ಅರಚುವುದು. ಹಗಲೆಲ್ಲ ದುಡಿದ ಮನುಷ್ಯನಿಗೆ ಈ ನಾಯಿಯನ್ನು ತಿದ್ದಲು ದೊರೆಯುವ ಕಾಲವು ರೈಲಿಗೆ ಮುಂಚಿನ ಅರ್ಧ ಗಂಟೆ, ಇಲ್ಲವೇ ಊಟವಾದ ಮೇಲಿನ ಅರ್ಧ ಗಂಟೆ.

ತಿದ್ದುವ ಕ್ರಮವೇನೋ ಗೂಢವಾದುದಲ್ಲ. ೧೯೦೪ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ರಷ್ಯಾದೇಶದ ಪಾವ್ಲೋವ್ ಎಂಬ ಶಾರೀರಶಾಸ್ತ್ರಜ್ಞನು, ಆಹಾರಕ್ಕೆ ಮುಂಚೆ ನಿಯತವಾಗಿ ಒಂದು ಶಬ್ದವನ್ನು ಕೇಳಿಸುತ್ತ ಬಂದರೆ ಕೊನೆಗೆ ಆ ಶಬ್ದಮಾತ್ರದಿಂದಲೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದೆಂದು ತೋರಿಸಿದನು. ಶಬ್ದಕ್ಕೆ ಸಲ್ಲುವ ಈ ನಿಯಮವು ಭಯಹೇತುವಿಗೂ ಸಲ್ಲುವುದು. ಎದುರಿನ ನಾಯಿಯು ತಕ್ಕಷ್ಟು ದೂರದಲ್ಲಿ, ಕಂಡರೂ ಕೆರಳಿಸದಷ್ಟು ದೂರದಲ್ಲಿ ಇರುವಾಗಲೇ ಒಂದು ತುಣುಕು ಬೇಯಿಸಿದ ಮಾಂಸವನ್ನೋ ಮೊಟ್ಟೆಯನ್ನೋ ಕೊಡಬೇಕು. ಆ ನಾಯಿ ಮರೆಯಾದೊಡನೆ ಕೊಡುವುದನ್ನು ನಿಲ್ಲಿಸಬೇಕು. ಹೀಗೆ ನೂರಾರು ಸಲ ನಡೆದರೆ, ಎದುರುನಾಯಿಯೆಂದರೆ ಅಪಾಯವೆಂಬ ಸಂಸ್ಕಾರದ ಮೇಲೆ ಎದುರುನಾಯಿಯೆಂದರೆ ತಿನಿಸೆಂಬ ಮತ್ತೊಂದು ಸಂಸ್ಕಾರವು ನಿಧಾನವಾಗಿ ಕೂಡುವುದು. ದಿನಗಳು ಕಳೆದಂತೆ ದೂರವನ್ನು ಒಂದೆರಡು ಹೆಜ್ಜೆ ಕಡಮೆ ಮಾಡಬೇಕು. ಇದಕ್ಕೆಲ್ಲ ಮುಂಚೆ ಪಶುವೈದ್ಯರಿಗೆ ಒಮ್ಮೆ ತೋರಿಸಿಕೊಳ್ಳುವುದು ಯುಕ್ತ. ಕಿವಿನೋವೋ ಹಲ್ಲುನೋವೋ ಇರುವ ನಾಯಿಗೆ ಪಾಠವು ಹತ್ತದು.

ದೂರವೇ ಮುಖ್ಯವಾದ ಈ ವಿದ್ಯೆಗೆ ಲೈನುಗಳಲ್ಲಿ ದೂರವೆಂಬುದೇ ಇಲ್ಲ. ನಾಲ್ಕು ಹೆಜ್ಜೆ ಅಗಲದ ಓಣಿಯಲ್ಲಿ ನಲವತ್ತು ಹೆಜ್ಜೆಯ ಅಂತರವನ್ನು ಎಲ್ಲಿಂದ ತರುವುದು? ಬಯಲೆಂದು ಕಣ್ಣಿಗೆ ಕಾಣುವುವು ಸೈನೈಡ್ ದಿಬ್ಬಗಳು. ಚಿನ್ನವನ್ನು ತೆಗೆದುಳಿದ ಮರಳು ಅಲ್ಲಿ ಗುಡ್ಡವಾಗಿ ಬಿದ್ದು ಗಾಳಿಗೆ ಏಳುವುದು. ನೆಲ ಮೂಸುವ ಪ್ರಾಣಿಯನ್ನು ಅಲ್ಲಿಗೆ ಒಯ್ಯುವುದು ವಿವೇಕವಲ್ಲ. ಆದುದರಿಂದ ಗೃಹಸ್ಥನು ಸ್ಥಳದ ಕೊರತೆಯನ್ನು ಕಾಲದಿಂದ ತುಂಬಿಕೊಳ್ಳಬೇಕಾಗುವುದು. ಓಣಿ ಏಳುವ ಮುನ್ನ ಹೊರಟರೆ ಓಣಿಯೇ ಬಯಲಾಗುವುದು.

ಎರಡನೆಯ ತೊಡಕು ಮಾತಿನದು. ಈ ಊರಿನ ಒಂದೊಂದು ಮನೆಯೂ ಒಂದು ಸಣ್ಣ ರೈಲ್ವೆ ಜಂಕ್ಷನ್. ಯಜಮಾನನು ಕನ್ನಡದಲ್ಲಿ ‘ಬಾ’ ಎನ್ನುವನು, ಹೆಂಡತಿಯು ತಮಿಳಿನಲ್ಲಿ ‘ವಾ’ ಎನ್ನುವಳು, ಅತ್ತೆಯು ತೆಲುಗಿನಲ್ಲಿ ‘ರಾ’ ಎನ್ನುವಳು, ಇಂಗ್ಲಿಷ್ ಶಾಲೆಯ ಮಗನು ‘ಕಮ್’ ಎನ್ನುವನು. ನಾಲ್ವರೂ ಕರೆದದ್ದು ಒಂದಕ್ಕೇ. ನಾಯಿಗೆ ಅದು ನಾಲ್ಕು ಶಬ್ದ. ಮನೆಯವರೆಲ್ಲ ಕುಳಿತು ಒಂದು ಮಾತನ್ನು ಗೊತ್ತುಮಾಡಿಕೊಳ್ಳದಿದ್ದರೆ ಮುಂಜಾನೆಯ ಶ್ರಮವು ಸಂಜೆಗೆ ಕರಗುವುದು. ನಾಯಿಯ ಪಾಠಕ್ಕೆ ಮುಂಚೆ ಮನೆಯ ಪಾಠವಾಗಬೇಕು.

ನಾಯಿಯು ‘ಇದ್ದಕ್ಕಿದ್ದಂತೆ’ ಎಗರಿತು ಎಂದು ಜನರು ಹೇಳುವುದುಂಟು. ಗಣಿಯವರಿಗೆ ಈ ಮಾತಿನ ತಪ್ಪನ್ನು ವಿವರಿಸಬೇಕಾಗಿಲ್ಲ. ಮೂರು ಸಾವಿರ ಮೀಟರಿಗೂ ಮಿಕ್ಕ ಆಳಕ್ಕೆ ಇಳಿದ ಛಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳ ಪಾತ್ರೆಗಳು ನಡುಗುತ್ತಿದ್ದುವು. ಆ ಸಿಡಿತವು ಕ್ಷಣಮಾತ್ರದ್ದಾದರೂ ಅದರ ಒತ್ತಡವು ಬಹುಕಾಲದಿಂದ ಕೂಡಿದ್ದು. ಸಿಡಿಯುವ ಮುನ್ನ ಬಂಡೆಯು ಮಾಡುವ ಸೂಕ್ಷ್ಮ ಶಬ್ದಗಳನ್ನು ಯಂತ್ರಗಳಿಂದ ಕೇಳಿ ಎಚ್ಚರಿಸುವ ಪ್ರಯತ್ನವೂ ಇಲ್ಲಿ ನಡೆಯಿತು. ೧೯೮೮ರಲ್ಲಿ ರಾಷ್ಟ್ರದ ಶಿಲಾಶಾಸ್ತ್ರದ ಸಂಸ್ಥೆಯೊಂದು ಇದೇ ಊರಿನಲ್ಲಿ ಸ್ಥಾಪಿತವಾಯಿತು. ನಾಯಿಯ ವಿಷಯವೂ ಹೀಗೆಯೇ. ಬೆಳಿಗ್ಗೆ ಪಟಾಕಿಯ ಸದ್ದು, ಮಧ್ಯಾಹ್ನ ಬಾಗಿಲಿಗೆ ಬಂದ ಅಪರಿಚಿತ, ಸಂಜೆ ಬೆಕ್ಕು; ರಾತ್ರಿ ಎದುರಾದ ನಾಯಿಯು ಕಡೆಯ ನೆಪ ಮಾತ್ರ. ಬೊಗಳುವ ಮುನ್ನ ಬಾಯಿ ಮುಚ್ಚುವುದು, ದೃಷ್ಟಿ ನೆಡುವುದು, ಮೈ ಬಿಗಿಯುವುದು, ತುಟಿ ನೆಕ್ಕುವುದು, ಬೆನ್ನ ಕೂದಲು ನಿಮಿರುವುದು, ಇವೆಲ್ಲ ಆ ಸೂಕ್ಷ್ಮ ಶಬ್ದಗಳೇ. ಅವನ್ನು ಓದಬಲ್ಲವನು ಸಿಡಿಯುವ ಮುನ್ನವೇ ನಾಯಿಯನ್ನು ತಿರುಗಿಸಿಕೊಂಡು ಹೋಗುವನು. ಹಿಂದಿರುಗುವುದು ಅಲ್ಲಿ ಸೋಲಲ್ಲ.

ಬಡಿದು ಬಾಯಿ ಮುಚ್ಚಿಸುವುದು ಸುಲಭೋಪಾಯವೆಂದು ಹೇಳುವವರು ಇದ್ದೇ ಇರುವರು. ಮಹಾಭಾರತದ ಆದಿಪರ್ವದ ಸರಮೆಯ ಕಥೆಯನ್ನು ಅವರು ನೆನೆಯಬೇಕು. ಜನಮೇಜಯನ ಸತ್ರಕ್ಕೆ ಬಂದ ಸರಮೆಯ ಮರಿಯನ್ನು ಅವನ ತಮ್ಮಂದಿರು ಬಡಿದರು. ಅದು ಹವಿಸ್ಸನ್ನು ಮುಟ್ಟಿರಲಿಲ್ಲ, ನೋಡಿಯೂ ಇರಲಿಲ್ಲ. ನಿರಪರಾಧಿಯನ್ನು ಏಕೆ ಹೊಡೆದಿರೆಂದು ತಾಯಿ ಕೇಳಿದಾಗ ರಾಜಪುತ್ರರಲ್ಲಿ ಉತ್ತರವಿರಲಿಲ್ಲ. ಕಾಣದೆಡೆಯಿಂದ ನಿಮಗೆ ಭಯವು ಬರಲೆಂದು ಅವಳು ಶಪಿಸಿದಳು. ಶಾಪದ ಮಾತು ಹಾಗಿರಲಿ. ಭಯಪಟ್ಟ ನಾಯಿಯನ್ನು ಹೊಡೆದವನ ಗತಿಯೂ ಅದೇ. ಎದುರುನಾಯಿ ಕಂಡಾಗಲೆಲ್ಲ ಪೆಟ್ಟು ಬೀಳುವುದೆಂದು ಪ್ರಾಣಿಯು ಕಲಿತರೆ ಭಯವು ಇಮ್ಮಡಿಯಾಗುವುದು. ಎಚ್ಚರಿಕೆಯ ಗುರುಗುಟ್ಟುವಿಕೆಯು ಅಡಗಿ ಒಂದು ದಿನ ಸದ್ದಿಲ್ಲದೆ ಕಚ್ಚುವುದು. ಕಾಣದೆಡೆಯಿಂದ ಬರುವ ಭಯವೆಂದರೆ ಅದೇ.

ಇಷ್ಟನ್ನು ತಿಳಿದರೂ ಗೃಹಸ್ಥನ ಮನಸ್ಸು ಕುಗ್ಗುವುದು ಓಣಿಯ ಮಾತಿನಿಂದ. ಪಕ್ಕದ ಮನೆಯ ಮುದುಕಿಯು ಕೆಟ್ಟವಳಲ್ಲ. “ಅಲ್ಲಪ್ಪಾ, ರೈಲು ಹತ್ತಿಸಿಕೊಂಡು ಹೋಗಿ ಇದನ್ನು ಬಂಗಾರಪೇಟೆಯಲ್ಲಿ ಬಿಟ್ಟು ಬರಬಾರದೆ? ಮೊಮ್ಮಕ್ಕಳು ಓಡಾಡುವ ಜಾಗ” ಎನ್ನುವಳು. ಮೊಮ್ಮಕ್ಕಳ ಮಾತು ನ್ಯಾಯವಾದುದು. ಅದಕ್ಕೆ ಉತ್ತರವು ಬಾಯಿಕುಕ್ಕೆ, ಗಟ್ಟಿಯಾದ ಹಗ್ಗ, ತಪ್ಪದ ರೇಬೀಸ್ ಚುಚ್ಚುಮದ್ದು. ಕಣದಲ್ಲಿ ಎತ್ತಿಗೆ ಕುಕ್ಕೆ ಕಟ್ಟುವುದು ಎತ್ತಿಗೆ ಅವಮಾನವಲ್ಲವಷ್ಟೆ. ಆದರೆ ಬಿಟ್ಟು ಬರುವ ಮಾತು ನ್ಯಾಯವಲ್ಲ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ಬಾಯಾರಿಕೆಗಳಿಗೆ ಒಪ್ಪಿಸಿ ತೊರೆಯುವುದು ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯಂತೆ ಅಪರಾಧ. ಕಾಯಿದೆಯಿಲ್ಲದಿದ್ದರೂ, ನಾಯಿಗಳಿಗೆ ಹೆದರುವ ನಾಯಿಯೊಂದನ್ನು ಜಂಕ್ಷನ್ನಿನ ಬೀದಿನಾಯಿಗಳ ನಡುವೆ ಇಳಿಸಿ ಬರುವುದು ಎಂತಹ ಕೆಲಸವೆಂದು ಅವನಿಗೆ ಗೊತ್ತು. ಆದರೂ ಬಳಲಿದ ರಾತ್ರಿಗಳಲ್ಲಿ ಆ ಮಾತು ಅವನ ಕಿವಿಯಲ್ಲಿ ನಿಲ್ಲುವುದು. ಧೈರ್ಯವು ಬೇಕಾಗುವುದು ಈ ರಾತ್ರಿಗಳಿಗಾಗಿ.

ಚಂಚಲವಾದ ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟವೆಂದು ಅರ್ಜುನನು ಹೇಳಿದಾಗ, ಭಗವಂತನು ಅದನ್ನು ಅಲ್ಲಗಳೆಯದೆ ಅಭ್ಯಾಸ ವೈರಾಗ್ಯಗಳೆಂಬ ಎರಡು ಉಪಾಯಗಳನ್ನು ತೋರಿಸಿದನು. ನಾಯಿಯ ಶಿಕ್ಷಣಕ್ಕೂ ಇವೆರಡಲ್ಲದೆ ಮೂರನೆಯದಿಲ್ಲ. ಅಭ್ಯಾಸವು ದೃಢವಾಗಬೇಕಾದರೆ ಬಹುಕಾಲ ನಡೆಯಬೇಕು, ಕಡಿಯಬಾರದು, ಆದರದಿಂದ ಕೂಡಿರಬೇಕು ಎಂಬುದು ಪತಂಜಲಿಯ ಮತ. ಕಡಿಯಬಾರದೆಂದರೆ ನಾಯಿಯನ್ನು ಪ್ರತಿದಿನವೂ ಬೀದಿಗೆ ಎಳೆಯಬೇಕೆಂದು ಅರ್ಥವಲ್ಲ. ಬಹಳವಾಗಿ ಕೆರಳಿದ ಮರುದಿನ ಮನೆಯಲ್ಲಿಯೇ ಬಿಟ್ಟು, ತಿನಿಸನ್ನು ಹುಡುಕುವ ಆಟವಾಡಿಸಿ ವಿಶ್ರಾಂತಿ ಕೊಡುವುದೂ ಅಭ್ಯಾಸದೊಳಗಿನದೇ. ಸಂಕಲ್ಪವು ಕಡಿಯದಿದ್ದರೆ ಸಾಕು.

ವೈರಾಗ್ಯವೆಂದರೆ ಇಂದಿನ ಫಲವನ್ನು ಇಂದೇ ಕೇಳದಿರುವುದು. ಮೂರು ವಾರ ಶಾಂತವಾಗಿದ್ದ ನಾಯಿಯು ನಾಲ್ಕನೆಯ ವಾರದಲ್ಲಿ ಮೊದಲಿನಂತೆಯೇ ಎಗರುವುದು. ಆಗ ಶ್ವಪುಚ್ಛನ್ಯಾಯವನ್ನು ಹೇಳುವವರ ಮುಖ ಅರಳುವುದು, ಗೃಹಸ್ಥನ ಕೈ ಸಡಿಲುವುದು. ಆದರೆ ಅಡಗಿಸಿದ ಅಭ್ಯಾಸವು ಸ್ವಲ್ಪಕಾಲ ಬಿಟ್ಟು ತಾನಾಗಿ ತಲೆಯೆತ್ತುವುದನ್ನು ಪಾವ್ಲೋವನೇ ತನ್ನ ಪ್ರಯೋಗಗಳಲ್ಲಿ ಕಂಡಿದ್ದನು. ಹಳೆಯ ಸಂಸ್ಕಾರವು ಅಳಿಯುವುದಿಲ್ಲ. ಹೊಸದು ಅದರ ಮೇಲೆ ಬೆಳೆಯುವುದು. ಮರುಕಳಿಸುವುದು ಈ ಮಾರ್ಗದ ಒಂದು ತಿರುವೇ ಹೊರತು ಅಂತ್ಯವಲ್ಲ.

ಇದನ್ನು ನಂಬುವುದಕ್ಕೆ ಒಂದು ಲೆಕ್ಕದ ಪುಸ್ತಕವು ಬಹಳ ಸಹಾಯಕ. ದಿನಾಂಕ, ಸ್ಥಳ, ಎದುರುನಾಯಿ ಎಷ್ಟು ಹೆಜ್ಜೆಯಲ್ಲಿತ್ತು, ಎಷ್ಟು ಸಲ ಬೊಗಳಿತು, ಶಾಂತವಾಗಲು ಎಷ್ಟು ಹೊತ್ತು ಹಿಡಿಯಿತು ಎಂಬಿಷ್ಟನ್ನೇ ಬರೆದಿಡಬೇಕು. ಇಂದನ್ನು ನಿನ್ನೆಯೊಡನೆ ಹೋಲಿಸಿದರೆ ನಿರಾಶೆಯೇ ಸಿಕ್ಕುವುದು. ಈ ತಿಂಗಳನ್ನು ಕಳೆದ ತಿಂಗಳೊಡನೆ ಹೋಲಿಸಬೇಕು. ಈ ಊರಿನ ನೆಲವು ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ನು ಚಿನ್ನವನ್ನು ಕೊಟ್ಟಿತು. ಆದರೆ ಗಣಿಯಲ್ಲಿ ಇಳಿದವನು ಕೈಯಲ್ಲಿ ಹಿಡಿದದ್ದು ಕಲ್ಲನ್ನು. ಒಂದು ಟನ್ನು ಕಲ್ಲಿಗೆ ಕೆಲವೇ ಗ್ರಾಮು ಚಿನ್ನ. ದಿನದ ಕೊನೆಗೆ ಚಿನ್ನವನ್ನು ಕಾಣದೆಯೇ ಮರುದಿನ ಇಳಿದವರ ಮಕ್ಕಳಿಗೆ ಈ ಲೆಕ್ಕವು ಹೊಸದಲ್ಲ.

ವೈರಾಗ್ಯಕ್ಕೆ ಇನ್ನೊಂದು ಮುಖವುಂಟು. ಎಲ್ಲ ನಾಯಿಗಳೊಡನೆ ಆಡುವ, ಎಲ್ಲ ಅತಿಥಿಗಳ ಕೈ ನೆಕ್ಕುವ ನಾಯಿಯ ಚಿತ್ರವೊಂದು ಸಾಕುವವನ ಮನಸ್ಸಿನಲ್ಲಿರುವುದು. ಅದನ್ನು ಬಿಡಬೇಕು. ಕೆಲವು ನಾಯಿಗಳು ಎಂದಿಗೂ ಸಂಗಪ್ರಿಯರಾಗವು. ಕಂಡು, ಸಹಿಸಿ, ದಾಟಿ ಹೋಗುವುದನ್ನು ಕಲಿತರೆ ಅದೇ ಪೂರ್ಣವಿದ್ಯೆ. ೧೮೯೪ರಿಂದ ಮಾರಿಕುಪ್ಪಮಿನ ರೈಲು ಛಾಂಪಿಯನ್, ಊರಗಾಂ, ಕೋರಮಂಡಲ್‌ಗಳನ್ನು ದಾಟಿ ಬಂಗಾರಪೇಟೆಯನ್ನು ಸೇರುವುದು. ಸುಮಾರು ಹತ್ತು ಮೈಲಿಯ ಹಾದಿಯಾದರೂ ನಡುವಿನ ನಿಲ್ದಾಣಗಳನ್ನು ಬಿಟ್ಟು ಅದು ಬಂಗಾರಪೇಟೆಗೆ ಹಾರುವುದಿಲ್ಲ. ಜಂಕ್ಷನ್ನಿನ ಗದ್ದಲವು ಇಂಥ ನಾಯಿಗೆ ಕಡೆಯ ಪರೀಕ್ಷೆ. ಅದು ಎಂದೂ ಬಾರದಿದ್ದರೂ ಕೊರತೆಯಿಲ್ಲ.

ಎಷ್ಟೋ ತಿಂಗಳ ಮೇಲೆ ಒಂದು ಮುಂಜಾನೆ ಓಣಿಯ ತುದಿಯಲ್ಲಿ ಬೀದಿನಾಯಿಯೊಂದು ಹಾದುಹೋಗುವುದು. ಹಗ್ಗದ ತುದಿಯ ನಾಯಿಯು ಅದನ್ನು ನೋಡುವುದು, ಕಿವಿ ನಿಮಿರಿಸುವುದು, ಆಮೇಲೆ ಕತ್ತನ್ನು ತಿರುಗಿಸಿ ಯಜಮಾನನ ಮುಖವನ್ನು ನೋಡುವುದು. ಅಷ್ಟೇ. ದಾರಿಹೋಕನಿಗೆ ಅಲ್ಲಿ ಏನೂ ನಡೆದಂತೆ ಕಾಣದು. ಗೃಹಸ್ಥನು ತುಣುಕನ್ನು ಕೊಟ್ಟು, ಪುಸ್ತಕದಲ್ಲಿ ಹನ್ನೆರಡು ಹೆಜ್ಜೆ ಎಂದು ಬರೆದು, ನಾಯಿಯನ್ನು ಮನೆಗೆ ಬಿಟ್ಟು ರೈಲಿಗೆ ಹೊರಡುವನು.