ಮೂರು ನದಿಗಳ ಊರಿನಲ್ಲಿ ಕಂಡದ್ದು

ಮಕ್ಕಳು ಪರದೇಶದಲ್ಲಿದ್ದರೆ ತಂದೆತಾಯಿಯರಿಗೂ ಒಮ್ಮೆ ವಿಮಾನ ಹತ್ತುವ ಯೋಗ ಕೂಡಿಬರುತ್ತದೆ. ಹೊಸೂರು ಸೀಮೆಯ ನಮ್ಮ ಹಳ್ಳಿಯಿಂದ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿಬರುವುದೇ ದೊಡ್ಡ ಪ್ರಯಾಣವೆಂದುಕೊಂಡಿದ್ದ ನಾವು ಗಂಡ ಹೆಂಡತಿ, 2019ರ ಜೂನ್ ತಿಂಗಳಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಇಪ್ಪತ್ತು ದಿನ ಇದ್ದು ಬಂದೆವು. ನಮ್ಮ ಮಗ ಸೊಸೆ ಅಲ್ಲಿ ಕೆಲಸದಲ್ಲಿದ್ದರು. ಊರಿಗೆ ಹಿಂತಿರುಗಿದ ಮೇಲೆ "ನಯಾಗರ ನೋಡಿದಿರಾ? ನ್ಯೂಯಾರ್ಕ್ ನೋಡಿದಿರಾ?" ಎಂದು ಕೇಳಿದವರೇ ಎಲ್ಲರೂ. ಎರಡನ್ನೂ ನೋಡಲಿಲ್ಲ. ನೋಡಿದ್ದು ಒಂದೇ ಊರು. ಆ ಊರಿನಲ್ಲಿ ಕಂಡದ್ದನ್ನು ನಮ್ಮ ಪತ್ರಿಕೆಯ ಕುಟುಂಬಗಳೊಂದಿಗೆ ಹಂಚಿಕೊಳ್ಳಬೇಕೆಂದು ಅಂದಿನಿಂದಲೂ ಆಸೆಯಿತ್ತು.

ಸುರಂಗದಾಚೆಯ ಊರು

ವಿಮಾನ ನಿಲ್ದಾಣದಿಂದ ಬರುವ ದಾರಿಯುದ್ದಕ್ಕೂ ಗುಡ್ಡ, ಮರ, ಮತ್ತೆ ಗುಡ್ಡ. "ಊರೆಲ್ಲಪ್ಪಾ?" ಎಂದು ಕೇಳಿದರೆ ಮಗ ನಕ್ಕು ಸುಮ್ಮನಾದ. ಕಾರು ಫೋರ್ಟ್ ಪಿಟ್ ಎಂಬ ಸುರಂಗದೊಳಗೆ ಹೊಕ್ಕಿತು. ಸುರಂಗ ಮುಗಿದದ್ದೇ ತಡ, ನಾವು ನೇರವಾಗಿ ಒಂದು ಸೇತುವೆಯ ಮೇಲಿದ್ದೆವು! ಕೆಳಗೆ ನದಿ, ಎದುರಿಗೆ ಮುಗಿಲು ಮುಟ್ಟುವ ಕಟ್ಟಡಗಳು, ಅತ್ತಿತ್ತ ಹಳದಿ ಬಣ್ಣದ ಸೇತುವೆಗಳು. ನಾಟಕದಲ್ಲಿ ಪರದೆ ಎಳೆದು ಅರಮನೆ ತೋರಿಸಿದ ಹಾಗಿತ್ತು. ಈ ಊರಿನಲ್ಲಿ 446 ಸೇತುವೆಗಳಿವೆಯೆಂದು ಒಬ್ಬರು ಎಣಿಸಿಯೇ ಪುಸ್ತಕ ಬರೆದಿದ್ದಾರಂತೆ.

ಇಲ್ಲಿ ಅಲೆಘೆನಿ, ಮನಾಂಗಹೀಲ ಎಂಬ ಎರಡು ನದಿಗಳು ಕೂಡಿ ಒಹಾಯೊ ನದಿಯಾಗಿ ಹರಿದು, ಮುಂದೆ ಮಿಸಿಸಿಪ್ಪಿಯನ್ನು ಸೇರುತ್ತವೆ. ಆ ಸಂಗಮದ ಮೂಲೆಯೇ 'ಪಾಯಿಂಟ್' ಎಂಬ ಉದ್ಯಾನ. 1754ರಲ್ಲಿ ಫ್ರೆಂಚರು ಇಲ್ಲಿ ಕೋಟೆ ಕಟ್ಟಿದರು. 1758ರಲ್ಲಿ ಬ್ರಿಟಿಷರು ಅದನ್ನು ಕಿತ್ತುಕೊಂಡು ತಮ್ಮ ನಾಯಕ ವಿಲಿಯಂ ಪಿಟ್‌ನ ಹೆಸರನ್ನು ಊರಿಗೆ ಇಟ್ಟರು. 1764ರ ಒಂದು ಚಿಕ್ಕ ಇಟ್ಟಿಗೆ ಕಾವಲುಮನೆ ಮಾತ್ರ ಇಂದಿಗೂ ಉಳಿದಿದೆ. ಮೂಲೆಯ ತುದಿಯಲ್ಲಿ ಸುಮಾರು 150 ಅಡಿ ಎತ್ತರಕ್ಕೆ ಚಿಮ್ಮುವ ಕಾರಂಜಿ. ನದಿಯ ದಂಡೆಯಲ್ಲಿ ಕುಳಿತಾಗ ನಮಗೆ ತಿರುಮಕೂಡಲಿನ ಸಂಗಮ ನೆನಪಾಯಿತು. ಅಲ್ಲಿ ಸ್ನಾನ ಮಾಡುವವರು, ಇಲ್ಲಿ ದೋಣಿ ಓಡಿಸುವವರು, ಅಷ್ಟೇ ವ್ಯತ್ಯಾಸ.

ಬೆಟ್ಟ ಹತ್ತುವ ಬಂಡಿ

ನದಿಯ ಆಚೆ ಗೋಡೆಯ ಹಾಗೆ ಒಂದು ಬೆಟ್ಟ. ಹಿಂದೆ ಕೂಲಿಕಾರರು ಮೇಲೆ ವಾಸವಿದ್ದು ಕೆಳಗಿನ ಕಾರ್ಖಾನೆಗಳಿಗೆ ದುಡಿಯಲು ಇಳಿದು ಬರುತ್ತಿದ್ದರು. ಅವರಿಗಾಗಿ ಬೆಟ್ಟದ ಮೈಮೇಲೆ ಕಂಬಿ ಹಾಸಿ, ಹಗ್ಗದಿಂದ ಎಳೆಯುವ ಬಂಡಿಗಳನ್ನು ಮಾಡಿದರು. ಒಂದು ಬಂಡಿ ಇಳಿಯುವಾಗ ಅದರ ಭಾರಕ್ಕೆ ಇನ್ನೊಂದು ಏರುತ್ತದೆ, ನಮ್ಮ ಬಾವಿಯ ರಾಟೆಗೆ ಎರಡು ಬಿಂದಿಗೆ ಕಟ್ಟಿದ ಹಾಗೆ. ಒಂದು ಕಾಲದಲ್ಲಿ ಹತ್ತಾರು ಇದ್ದವು. ಈಗ ಉಳಿದಿರುವುದು ಎರಡೇ: 1870ರ ಮನಾಂಗಹೀಲ ಮತ್ತು 1877ರ ಡುಕೇನ್.

ನಾವು ಡುಕೇನ್ ಬಂಡಿ ಹತ್ತಿದೆವು. ಹಳೆಯ ಮರದ ಕೆತ್ತನೆಯ ಪುಟ್ಟ ಡಬ್ಬಿ. ಅದು ಗಡಗಡ ಸದ್ದು ಮಾಡಿ ಮೇಲೇರತೊಡಗಿದಾಗ ನಮ್ಮ ಮನೆಯವರು ಕಣ್ಣು ಮುಚ್ಚಿ ಜಪಸರ ಕೈಗೆತ್ತಿಕೊಂಡರು. "ಅಜ್ಜಿ, ನೂರ ನಲವತ್ತು ವರ್ಷದಿಂದ ಇದು ಬಿದ್ದಿಲ್ಲ" ಎಂದು ಎಂಟು ವರ್ಷದ ಮೊಮ್ಮಗಳು ಇಂಗ್ಲಿಷಿನಲ್ಲಿ ಧೈರ್ಯ ಹೇಳಿದಳು. ಮೇಲಿನಿಂದ ಮೂರು ನದಿಗಳೂ ಒಟ್ಟಿಗೆ ಕಾಣುತ್ತವೆ. ನಮಗೆ ಹಿಡಿಸಿದ್ದು ಮಾತ್ರ ನಿಲ್ದಾಣದಲ್ಲಿ ಕೇಳಿದ ಒಂದು ಸಂಗತಿ. 1962ರಲ್ಲಿ ನಷ್ಟದಿಂದ ಈ ಬಂಡಿ ನಿಂತುಹೋಗಿತ್ತು. ಬೆಟ್ಟದ ಮೇಲಿನ ಮನೆಯವರು ತಾವೇ ಹಣ ಕೂಡಿಸಿ, ದುರಸ್ತಿ ಮಾಡಿಸಿ, 1963ರಲ್ಲಿ ಮತ್ತೆ ಓಡಿಸಿದರು.

ಹೊಗೆ ಹೋದ ಮೇಲೆ

ಇದು ಉಕ್ಕಿನ ಊರು. ಕಲ್ಲಿದ್ದಲ ಹೊಗೆ ಎಷ್ಟಿತ್ತೆಂದರೆ 1940ರ ದಶಕದಲ್ಲಿ ಮಟಮಟ ಮಧ್ಯಾಹ್ನವೂ ಬೀದಿದೀಪ ಉರಿಸುತ್ತಿದ್ದರು. ಆಗಿನ ಫೋಟೋಗಳಲ್ಲಿ ನಡುಹಗಲು ನಡುರಾತ್ರಿಯಂತಿದೆ. ಪೋಲೆಂಡ್, ಸ್ಲೊವಾಕಿಯಾ, ಕ್ರೊಯೇಷಿಯಾ, ಇಟಲಿ, ಐರ್ಲೆಂಡ್, ಜರ್ಮನಿ ಮುಂತಾದ ಕಡೆಗಳಿಂದ ಬಡ ರೈತರು ಹಡಗು ಹತ್ತಿ ಇಲ್ಲಿ ಬಂದು ಕುಲುಮೆಗಳ ಮುಂದೆ ಬೆವರು ಸುರಿಸಿದರು. ಹತ್ತಿರದ ಹೋಮ್‌ಸ್ಟೆಡ್‌ನಲ್ಲಿ 1892ರಲ್ಲಿ ಕೂಲಿಗಾಗಿ ನಡೆದ ಮುಷ್ಕರದಲ್ಲಿ ರಕ್ತವೇ ಹರಿಯಿತು. ಆ ದೊಡ್ಡ ಕಾರ್ಖಾನೆ 1986ರಲ್ಲಿ ಮುಚ್ಚಿತು. ಈಗ ಅಲ್ಲಿ ಅಂಗಡಿ ಸಾಲು, ಸಿನಿಮಾ ಮಂದಿರ. ನೆನಪಿಗೆ ಹನ್ನೆರಡು ಇಟ್ಟಿಗೆ ಹೊಗೆ ಕೊಳವೆಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಅವುಗಳ ಕೆಳಗೆ ಜನ ಕಾರು ನಿಲ್ಲಿಸಿ ಬಟ್ಟೆ ಕೊಳ್ಳಲು ಹೋಗುತ್ತಾರೆ.

1950ರಲ್ಲಿ ಈ ನಗರದಲ್ಲಿ 6,76,806 ಜನರಿದ್ದರು. 2020ರ ಗಣತಿಯಲ್ಲಿ 3,02,971. ಅರ್ಧಕ್ಕಿಂತ ಹೆಚ್ಚು ಜನ ಎಲ್ಲಿ ಹೋದರು? ಕೆಲಸ ಹುಡುಕಿಕೊಂಡು ಬೇರೆ ರಾಜ್ಯಗಳಿಗೆ, ಇಲ್ಲವೇ ಊರಾಚೆಯ ಹೊಸ ಬಡಾವಣೆಗಳಿಗೆ. ಊರು ಆಸ್ಪತ್ರೆ, ವಿಶ್ವವಿದ್ಯಾಲಯ, ಕಂಪ್ಯೂಟರುಗಳಿಂದ ಚೇತರಿಸಿಕೊಂಡಿದೆ, ಗಾಳಿಯೂ ತಿಳಿಯಾಗಿದೆ. ಆದರೆ ಹೋದವರು ಬಿಟ್ಟುಹೋದ ಗುರುತುಗಳು ಬೀದಿ ಬೀದಿಯಲ್ಲೂ ಕಾಣುತ್ತವೆ.

ಮೂವತ್ತೊಂದು ಕೋಣೆಗಳು

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ನಡುವೆ 42 ಅಂತಸ್ತಿನ, 535 ಅಡಿ ಎತ್ತರದ ಒಂದು ಕಲ್ಲಿನ ಗೋಪುರವಿದೆ. ದೂರದಿಂದ ಮಹಾದೇವಾಲಯವೆಂದೇ ಅನಿಸುತ್ತದೆ. ಹೆಸರೂ 'ಕೆಥೆಡ್ರಲ್ ಆಫ್ ಲರ್ನಿಂಗ್', ಅಂದರೆ ವಿದ್ಯೆಯ ಮಹಾದೇವಾಲಯ. 1926ರಲ್ಲಿ ಕೆಲಸ ಆರಂಭವಾಗಿ 1937ರಲ್ಲಿ ಉದ್ಘಾಟನೆಯಾಯಿತು. ಶಾಲಾ ಮಕ್ಕಳು ಕೂಡ ಹತ್ತು ಹತ್ತು ಸೆಂಟು ಕೊಟ್ಟು ಒಂದೊಂದು ಇಟ್ಟಿಗೆಯ ಲೆಕ್ಕದಲ್ಲಿ ಇದಕ್ಕೆ ನೆರವಾದರಂತೆ.

ಇದರೊಳಗೆ ಒಂದೊಂದು ನಾಡಿನಿಂದ ಬಂದವರು ತಮ್ಮದೇ ಹಣದಿಂದ ತಮ್ಮ ನಾಡಿನ ಮಾದರಿಯಲ್ಲಿ ಕಟ್ಟಿಸಿದ ಪಾಠದ ಕೋಣೆಗಳಿವೆ, ಒಟ್ಟು 31. ಬರೀ ನೋಡಲಲ್ಲ, ಅವುಗಳಲ್ಲಿ ಪಾಠವೂ ನಡೆಯುತ್ತದೆ. ಪೋಲೆಂಡಿನ ಕೋಣೆಯ ಮಾಡು ನೋಡುತ್ತಾ ಕತ್ತು ನೋಯಿತು. ಭಾರತದ ಕೋಣೆ 2000ದಲ್ಲಿ ಸಿದ್ಧವಾದದ್ದು, ನಳಂದ ವಿದ್ಯಾಪೀಠದ ಅಂಗಳದ ಮಾದರಿ. ಇಟ್ಟಿಗೆ ಕಂಬಗಳ ನಡುವೆ ಕುಳಿತು ನಾವು ಹೆಮ್ಮೆಪಟ್ಟೆವು. ಮೊಮ್ಮಗಳು ಸುತ್ತ ನೋಡಿ, "ತಾತ, ನೀವು ಮಾತಾಡುವ ಭಾಷೆ ಇಲ್ಲಿ ಎಲ್ಲಿದೆ?" ಎಂದಳು. "ನೀವು ಮಾತಾಡುವ" ಎಂದಳು, "ನಾವು ಮಾತಾಡುವ" ಎನ್ನಲಿಲ್ಲ. ನಮಗೆ ಉತ್ತರ ತೋಚಲಿಲ್ಲ. ಮಗ ತಲೆ ತಗ್ಗಿಸಿ ಫೋನು ನೋಡಿಕೊಂಡ.

ಎರಡು ಸಂತ ನಿಕೋಲಾಸರು

ಟ್ರಾಯ್ ಹಿಲ್ ಎಂಬ ಗುಡ್ಡದ ಮೇಲೆ ಸಂತ ಅಂತೋಣಿಯವರ ಚಿಕ್ಕ ದೇವಾಲಯವಿದೆ. ಮಂಗಳವಾರದ ನವೇನಕ್ಕೆ ತಪ್ಪದೆ ಹೋಗುವ ನಾವು ಇದನ್ನು ಬಿಡುವುದುಂಟೇ? ಅಂತೋಣಿಯವರ ಹಬ್ಬ ಕಳೆದ ಮೊದಲ ಶನಿವಾರವೇ ಹೋದೆವು. ಬೆಲ್ಜಿಯಂನಲ್ಲಿ ಹುಟ್ಟಿದ ಸಿರಿವಂತ ಮನೆತನದ ಫಾದರ್ ಮಾಲಿಂಜರ್ ಅವರು ಸ್ವಂತ ಹಣದಿಂದ ಇದನ್ನು ಕಟ್ಟಿಸಿ, ಯೂರೋಪಿನಿಂದ ಸಂತರ ಪವಿತ್ರ ಅವಶೇಷಗಳನ್ನು ತಂದಿಟ್ಟರು. ಇಂದು ಅಲ್ಲಿ ಸುಮಾರು ಐದು ಸಾವಿರ ಅವಶೇಷಗಳಿವೆ. ವಿಸ್ತರಿಸಿದ ದೇವಾಲಯದ ಪ್ರತಿಷ್ಠೆ ನಡೆದದ್ದು 1892ರ ಜೂನ್ 13ರಂದು. ಅದಾದ ಎರಡೇ ದಿನಕ್ಕೆ ಗುರುಗಳು ತೀರಿಕೊಂಡರು. ಮ್ಯೂನಿಕ್‌ನಲ್ಲಿ ಮರದಲ್ಲಿ ಕೆತ್ತಿಸಿದ ಆಳೆತ್ತರದ ಶಿಲುಬೆಯ ಹಾದಿಯ ಪ್ರತಿಮೆಗಳ ಮುಂದೆ ನಾವು ಒಂದು ಗಂಟೆ ಮೌನವಾಗಿ ನಡೆದೆವು.

ಅಲ್ಲಿಂದ ಸ್ವಲ್ಪ ದೂರದ ಮಿಲ್‌ವೇಲ್‌ನಲ್ಲಿ ಕ್ರೊಯೇಷಿಯಾದವರು ಕಟ್ಟಿದ ಸಂತ ನಿಕೋಲಾಸರ ದೇವಾಲಯ. ಹೊರಗಿನಿಂದ ಸಾಧಾರಣ ಇಟ್ಟಿಗೆ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಮಾಡುಗಳಲ್ಲೆಲ್ಲ ಚಿತ್ರಗಳು. ಧರ್ಮಕೇಂದ್ರದ ಗುರು ಫಾದರ್ ಜಗರ್ ಅವರ ಕರೆಯ ಮೇಲೆ ಮ್ಯಾಕ್ಸೊ ವಾಂಕ ಎಂಬ ಕಲಾವಿದರು 1937 ಮತ್ತು 1941ರಲ್ಲಿ ಬರೆದವು. ಬಲಿಪೀಠದ ಮೇಲಿನ ಮಾತೆ ಮರಿಯಮ್ಮನಿಗೆ ರೇಷ್ಮೆಯ ಉಡುಗೆಯಿಲ್ಲ. ಹೊಲದಲ್ಲಿ ದುಡಿದ ಹೆಂಗಸಿನ ಉಡುಪು, ದುಡಿದು ದಪ್ಪವಾದ ಕೈಗಳು. ಒಂದು ಚಿತ್ರದಲ್ಲಿ ಕೆಲಸದಲ್ಲಿ ಸತ್ತ ಮಗನ ಶವದ ಸುತ್ತ ತಾಯಂದಿರು ಅಳುತ್ತಿದ್ದಾರೆ. ಇನ್ನೊಂದರಲ್ಲಿ ಸಿರಿವಂತನೊಬ್ಬ ತುಂಬಿದ ಮೇಜಿನ ಮುಂದೆ ಒಬ್ಬನೇ ಕುಳಿತು ಉಣ್ಣುತ್ತಿದ್ದಾನೆ. ಮತ್ತೊಂದರಲ್ಲಿ ಬಡ ಕುಟುಂಬವೊಂದು ಸಾದಾ ಊಟದ ಮುಂದೆ ಪ್ರಾರ್ಥಿಸುತ್ತಿದೆ. ನಮ್ಮ ಮನೆಯವರು ಮರಿಯಮ್ಮನ ಕೈಗಳನ್ನೇ ನೋಡುತ್ತಾ, "ಇವು ನಮ್ಮತ್ತೆಯ ಕೈಗಳ ಹಾಗಿವೆ" ಎಂದರು.

ಆಗೆಲ್ಲ ಪೂಜೆ ಲತೀನಿನಲ್ಲಿಯೇ. ಆದರೆ ಪ್ರಸಂಗ, ಪಾಪನಿವೇದನೆ, ಹಾಡುಗಳು ತಾಯ್ನುಡಿಯಲ್ಲಿ ಇರಲೆಂದು ಪೋಲೆಂಡಿನವರು, ಸ್ಲೊವಾಕರು, ಜರ್ಮನರು ಹೀಗೆ ಒಂದೊಂದು ಭಾಷೆಯವರು ತಮ್ಮ ತಮ್ಮ ದೇವಾಲಯ ಕಟ್ಟಿಕೊಂಡರು. ಕುಲುಮೆಯ ಕೂಲಿಯಲ್ಲಿ ಉಳಿಸಿದ ಚಿಲ್ಲರೆ ಹಣದಿಂದ ಎದ್ದ ಗೋಪುರಗಳು ಅವು.

ನದಿಯ ಪಕ್ಕದ ಹೆದ್ದಾರಿಯಲ್ಲಿ ಇನ್ನೊಂದು ಸಂತ ನಿಕೋಲಾಸರ ದೇವಾಲಯವಿತ್ತು. ಅಮೆರಿಕದಲ್ಲಿ ಕ್ರೊಯೇಷಿಯನ್ನರ ಮೊತ್ತಮೊದಲ ಧರ್ಮಕೇಂದ್ರ ಅದು, 1894ರಲ್ಲಿ ಆರಂಭವಾದದ್ದು. 2004ರಲ್ಲಿ ಅದನ್ನು ಮುಚ್ಚಿದರು. ಉಳಿಸಲು ಹಲವರು ಹೋರಾಡಿದರು. 2013ರ ಜನವರಿಯಲ್ಲಿ ಕೆಡವಿದರು. ನಾವು ಹೋದಾಗ ಅಲ್ಲಿ ಖಾಲಿ ಇಳಿಜಾರು ಮಾತ್ರ.

ಬಲಿಪೀಠದ ಜಾಗದಲ್ಲಿ

ಇನ್ನೊಂದು ದಿನ ಲಾರೆನ್ಸ್‌ವಿಲ್ ಎಂಬ ಕೇರಿಯಲ್ಲಿ ಮಗ ಕಾರು ನಿಲ್ಲಿಸಿದ. ಕೆಂಪು ಇಟ್ಟಿಗೆಯ ಸುಂದರ ದೇವಾಲಯ. ಸ್ನಾನಿಕ ಅರುಳಪ್ಪನವರ ಹೆಸರಿನಲ್ಲಿ 1902ರಲ್ಲಿ ಕಟ್ಟಿದ್ದು. 1993ರಲ್ಲಿ ಮುಚ್ಚಿ, 1996ರಲ್ಲಿ ಅದು ಬಿಯರ್ ತಯಾರಿಸಿ ಮಾರುವ ಹೋಟೆಲ್ ಆಗಿತ್ತು. ಒಳಗೆ ಹೋಗುವುದೋ ಬೇಡವೋ ಎಂದು ನಮ್ಮಿಬ್ಬರಲ್ಲಿ ಬಾಗಿಲಲ್ಲೇ ವಾದವಾಯಿತು. ಕೊನೆಗೆ ಹೋದೆವು. ಬಣ್ಣದ ಗಾಜಿನ ಕಿಟಕಿಗಳು ಹಾಗೆಯೇ ಇದ್ದವು. ಪೂಜೆಗೆ ಕುಳಿತುಕೊಳ್ಳುತ್ತಿದ್ದ ಬೆಂಚುಗಳನ್ನೇ ಊಟಕ್ಕೆ ಕುಳಿತುಕೊಳ್ಳಲು ಕೊಯ್ದು ಜೋಡಿಸಿದ್ದರು. ಬಲಿಪೀಠವಿದ್ದ ಜಾಗದಲ್ಲಿ ತಳತಳ ಹೊಳೆಯುವ ಬಿಯರ್ ಹಂಡೆಗಳು ನಿಂತಿದ್ದವು.

ನಮ್ಮ ಮನೆಯವರ ಕೈ ಅಭ್ಯಾಸಬಲದಿಂದ ಹಣೆಗೆ ಹೋಗಿ, ಅರ್ಧದಲ್ಲೇ ನಿಂತಿತು. ನಮಗೆ ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಸಿಟ್ಟು ಮಾಡುವುದು? ಹೋಟೆಲಿನವರು ಕೊಳ್ಳದಿದ್ದರೆ ಇದನ್ನೂ ಕೆಡವುತ್ತಿದ್ದರೋ ಏನೋ. ಕೊಂಡವರಿಗಿಂತ ಮುಂಚೆ ಬಿಟ್ಟುಹೋದವರಿದ್ದಾರೆ. ಅವರಾದರೂ ಸಿಟ್ಟಿನಿಂದ ಬಿಟ್ಟವರಲ್ಲ. ಮಗನಿಗೆ ದೂರದಲ್ಲಿ ಕೆಲಸ ಸಿಕ್ಕಿತು, ಮೊಮ್ಮಕ್ಕಳಿಗೆ ಅಜ್ಜನ ಭಾಷೆ ಬರಲಿಲ್ಲ, ಮುದುಕರು ಒಬ್ಬೊಬ್ಬರಾಗಿ ಸಮಾಧಿ ಸೇರಿದರು. ನಾವು ಹೋಗುವ ಹಿಂದಿನ ವರ್ಷ, 2018ರಲ್ಲಿ, ಪಿಟ್ಸ್‌ಬರ್ಗ್ ಧರ್ಮಪ್ರಾಂತ್ಯದಲ್ಲಿದ್ದ 188 ಧರ್ಮಕೇಂದ್ರಗಳನ್ನು ಒಟ್ಟುಗೂಡಿಸಿ 57ಕ್ಕೆ ಇಳಿಸುವ ಕೆಲಸ ಶುರುವಾಗಿತ್ತು.

ಆ ದಿನ ಮನೆಗೆ ಬರುವ ತನಕ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ಮಗನೇ, "ಅಮ್ಮ, ಅವಳಿಗೆ ನಮೋ ಮರಿಯ ಜಪ ಕನ್ನಡದಲ್ಲಿ ಹೇಳಿಕೊಡಿ" ಎಂದ. ನಮ್ಮ ಮನೆಯವರು ಮೊಮ್ಮಗಳನ್ನು ತೊಡೆಯ ಪಕ್ಕ ಕೂರಿಸಿಕೊಂಡರು. ಮೊದಲ ದಿನ ಒಂದು ಸಾಲು, ಮರುದಿನ ಇನ್ನೊಂದು. 'ಳ'ಕಾರ ಅವಳ ನಾಲಿಗೆಗೆ ಹೊರಳಲೇ ಇಲ್ಲ. ನಾವು ಹೊರಡುವ ದಿನಕ್ಕೆ ಜಪ ಪೂರ್ತಿಯಾಗಿತ್ತು.

ನಮ್ಮ ಗಡಿನಾಡಿನಲ್ಲಿ ನಾವು ಹಡಗು ಹತ್ತಿ ಬಂದವರಲ್ಲ, ತಲೆಮಾರುಗಳಿಂದ ಇದ್ದಲ್ಲೇ ಇರುವವರು. ತಮಿಳಿನವರೂ ತೆಲುಗಿನವರೂ ನಮ್ಮ ನೆರೆಯವರೇ, ಬಂಧುಗಳೇ. ಯಾರ ಮೇಲೂ ನಮಗೆ ದೂರಿಲ್ಲ. ಆದರೂ ಹಿಂತಿರುಗಿದ ಮೊದಲ ಭಾನುವಾರ ಕನ್ನಡದ ಬಲಿಪೂಜೆಯಲ್ಲಿ ನಮ್ಮ ಕಣ್ಣು ತಾನಾಗಿ ಬೆಂಚುಗಳನ್ನು ಎಣಿಸಿತು. ಮುಂದಿನ ನಾಲ್ಕರಲ್ಲಿ ತಲೆ ನರೆತವರು, ಹಿಂದಿನವು ಬಹುಪಾಲು ಖಾಲಿ. ಪೂಜೆ ಮುಗಿದ ಮೇಲೆ ಗುರುಗಳ ಬಳಿ ಹೋಗಿ, ಮಕ್ಕಳಿಗೆ ಭಾನುವಾರ ಅರ್ಧ ಗಂಟೆ ಕನ್ನಡ ಓದಲು ಹೇಳಿಕೊಡುತ್ತೇವೆ, ಒಂದು ಕೋಣೆ ಕೊಡಿ ಎಂದು ಕೇಳಿದೆವು. ಅವರು ಬೀಗದ ಕೈ ಕೊಟ್ಟರು. ಮೊದಲ ವಾರ ಮೂವರು ಮಕ್ಕಳು ಬಂದರು.

ನಯಾಗರ ನೋಡಲಿಲ್ಲವೆಂಬ ಕೊರಗು ನಮಗಿಲ್ಲ.