ಜೀವಂತ ಸಿಗಡಿಯ ಗಾಳ

ಮೀನನ್ನು ಸೆಳೆಯಲು ಗಾಳದ ಕೊಕ್ಕೆಗೆ ಸಿಕ್ಕಿಸುವ ಆಹಾರಕ್ಕೆ ಎರೆ ಎಂದು ಹೆಸರು. ಎರೆಗಳಲ್ಲೆಲ್ಲ ಅತ್ಯಂತ ಹೆಚ್ಚು ನಾಜೂಕನ್ನು ಬೇಡುವುದು ಜೀವಂತ ಸಿಗಡಿ. ಕಾಳಿ, ಅಘನಾಶಿನಿ ನದಿಗಳು ಸಮುದ್ರವನ್ನು ಕೂಡುವ ಅಳಿವೆಗಳಲ್ಲಿ, ಕರಾವಳಿಯವರು ಚಟ್ಲಿ, ಎಟ್ಟಿ ಎಂದು ಕರೆಯುವ ಈ ಪ್ರಾಣಿ ಎರೆಯಾಗುವುದು ಸಹಜವೇ. ಆದರೆ ಸಹ್ಯಾದ್ರಿಯ ಈಚೆಗಿರುವ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಘಟಪ್ರಭೆಯಲ್ಲಿಯೂ ಸಿಹಿನೀರಿನ ಸಿಗಡಿಗಳಿದ್ದು, ಅವುಗಳನ್ನಿಟ್ಟುಕೊಂಡು ಅದೇ ವಿದ್ಯೆಯನ್ನು ಅಷ್ಟೇ ಸೊಗಸಾಗಿ ನಡೆಸಬಹುದು.

ಇಲ್ಲಿನ ನೀರಿನ ಸ್ವರೂಪವೂ ಅದಕ್ಕೆ ಒದಗಿಬರುತ್ತದೆ. ಹಿಡಕಲ್‌ನಲ್ಲಿ ಸುಮಾರು 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವು ಹಳ್ಳಕೊಳ್ಳಗಳೊಳಗೆ ಹಿನ್ನೀರನ್ನು ಚಾಚಿ, ಕಡಲಿನ ಕೊಲ್ಲಿಗಳನ್ನೇ ಹೋಲುವ ನಿಂತ ನೀರಿನ ಮೂಲೆಗಳನ್ನು ಮಾಡಿದೆ. ಅದರ ಕೆಳಗೆ ಧೂಪದಾಳದಲ್ಲಿ 1897ರ ಹಳೆಯ ಒಡ್ಡು ನೀರನ್ನು ತಡೆದು ಕಾಲುವೆಗೆ ತಿರುಗಿಸುತ್ತದೆ. ಮುಂದೆ ಗೋಕಾಕದ ಬಂಡೆಗಳಿಂದ ಸುಮಾರು 52 ಮೀಟರ್ ಧುಮುಕಿದ ನದಿಯು ಕಂದರವನ್ನು ದಾಟಿ, ಕಬ್ಬಿನ ಹೊಲಗಳಿರುವ ಮೂಡಲಗಿ ಸೀಮೆಯ ಕಡೆಗೆ ಸಾಗುತ್ತದೆ.

ಈ ವಿನೋದದ ಅರ್ಧಪಾಲು ಸಿಗಡಿಯನ್ನು ಹಿಡಿದು ಉಳಿಸಿಕೊಳ್ಳುವುದರಲ್ಲಿಯೇ ಇದೆ. ಹಗಲಲ್ಲಿ ಕಲ್ಲುಸಂದಿಗಳಲ್ಲಿ, ಅಂತರಗಂಗೆಯ ಬೇರುಗಳಲ್ಲಿ ಅಡಗಿರುವ ಸಿಗಡಿ ಕತ್ತಲಾದ ಮೇಲೆ ಮೇವಿಗೆ ಹೊರಬರುವುದರಿಂದ, ಸಂಜೆಯ ಹೊತ್ತಿಗೆ ಬೇರುಗಳ ಅಡಿಗೆ ಹಳೆಯ ಸೊಳ್ಳೆಪರದೆಯ ತುಂಡನ್ನು ಮೆಲ್ಲಗೆ ಒಡ್ಡಿ ಎತ್ತಿದರೆ ಸಾಕಷ್ಟು ಸಿಗುತ್ತವೆ. ಅವುಗಳನ್ನು ಪ್ಲಾಸ್ಟಿಕ್ ಬಕೆಟ್ಟಿಗಿಂತ ಮಣ್ಣಿನ ಗಡಿಗೆಯಲ್ಲಿಡುವುದು ಮೇಲು. ಕಿವಿರುಗಳಿಂದ ಉಸಿರಾಡುವ ಈ ಪ್ರಾಣಿಗೆ ನೀರಿನಲ್ಲಿ ಕರಗಿದ ಆಮ್ಲಜನಕವೇ ಆಧಾರ. ಬಿಸಿನೀರು ಅದನ್ನು ಕಡಿಮೆ ಹಿಡಿದಿಡುತ್ತದೆ, ಗಡಿಗೆಯ ಹೊರಮೈಯಿಂದ ಜಿನುಗಿ ಆವಿಯಾಗುವ ನೀರು ಒಳಗಿನದನ್ನು ತಂಪಾಗಿಡುತ್ತದೆ. ಆಗತಾನೆ ಪೊರೆ ಕಳಚಿ ಮೆತ್ತಗಾದ ಸಿಗಡಿಯನ್ನು ಉಳಿದವು ತಿಂದುಹಾಕುವುದರಿಂದ ಅಂಥದನ್ನು ಬೇರೆಯಾಗಿಯೇ ಇಡಬೇಕು. ಗಾಜಿನಂತೆ ಪಾರದರ್ಶಕವಾಗಿದ್ದ ಮೈ ಬೆಳ್ಳಗೆ ಮಬ್ಬಾಯಿತೆಂದರೆ ಅದು ಸತ್ತಿದೆ ಎಂದೇ ತಿಳಿಯಬೇಕು.

ಕೊಕ್ಕೆಗೆ ಸಿಕ್ಕಿಸುವಲ್ಲಿ ಎರಡು ಕ್ರಮಗಳುಂಟು. ನಿಂತ ನೀರಿಗಾದರೆ, ತಲೆಯೊಳಗೆ ಕಪ್ಪಾಗಿ ಕಾಣುವ ಅಂಗಗಳನ್ನು ತಪ್ಪಿಸಿ, ಅವುಗಳ ಮುಂದೆ ಮುಳ್ಳಿನಂತೆ ಚಾಚಿದ ಚಿಪ್ಪಿನ ಬುಡದಲ್ಲಿ ಸಣ್ಣ ಕೊಕ್ಕೆಯನ್ನು ತೂರಿಸಿದಾಗ ಸಿಗಡಿಯು ಬಹಳ ಹೊತ್ತು ಬದುಕಿ ತನ್ನಿಷ್ಟದಂತೆ ಓಡಾಡುತ್ತದೆ. ಹರಿವಿರುವಲ್ಲಿ ಬಾಲದ ಕೊನೆಯ ಗೆಣ್ಣೇ ಸರಿಯಾದ ಜಾಗ. ಬೆದರಿದ ಸಿಗಡಿ ಬಾಲವನ್ನು ಮಡಿಸಿ ಹಿಮ್ಮುಖವಾಗಿ ಚಿಮ್ಮುವುದರಿಂದ, ದಾರವನ್ನು ಎಳೆದಾಗ ಅದರ ಚಲನೆ ನಿಜವಾದ ಓಟದಂತೆಯೇ ಕಾಣುತ್ತದೆ. ತಂಗೂಸಿ, ಅಂದರೆ ನೈಲಾನ್ ದಾರಕ್ಕೆ ಜೋಳದ ದಂಟಿನ ಬೆಂಡನ್ನು ಕಟ್ಟಿ ತೇಲಿಬಿಟ್ಟರೆ, ಈ ಕಲೆಯ ನಿಜವಾದ ಸುಖ ಆಗ ಆರಂಭವಾಗುತ್ತದೆ. ಹಿಟ್ಟಿನ ಉಂಡೆಯಾಗಲಿ ಎರೆಹುಳುವಾಗಲಿ ಮೀನು ಮುಟ್ಟುವವರೆಗೆ ಏನನ್ನೂ ತಿಳಿಸುವುದಿಲ್ಲ. ಸಿಗಡಿಯಾದರೋ ಮೀನು ಹತ್ತಿರ ಬಂದ ಕೂಡಲೇ ಗಾಬರಿಗೊಂಡು ಚಡಪಡಿಸುತ್ತದೆ, ಆ ನಡುಕ ದಾರದ ಮೂಲಕ ಬೆಂಡಿಗೆ ಏರುತ್ತದೆ, ನೀರಿನೊಳಗೆ ಕಾಣದೆ ನಡೆಯುತ್ತಿರುವ ಬೇಟೆಯನ್ನು ದಡದಲ್ಲಿ ಕೂತವನು ಕಣ್ಣಾರೆ ಓದತೊಡಗುತ್ತಾನೆ. ಇಂಥ ಓದನ್ನು ಕೊಡುವ ಎರೆ ಮತ್ತೊಂದಿಲ್ಲ.

ಕಾಟ್ಲಾ, ರೋಹು, ಮೃಗಾಲಗಳಿಗಾಗಿ ಸಿಗಡಿಯನ್ನು ಬಿಡುವುದು ವ್ಯರ್ಥ, ಏಕೆಂದರೆ ಅವು ಸೂಕ್ಷ್ಮಜೀವಿಗಳನ್ನೂ ಪಾಚಿಯನ್ನೂ ಕೊಳೆತ ಸಸ್ಯವನ್ನೂ ಉಣ್ಣುವ ಮೀನುಗಳು. ಸಿಗಡಿಗೆ ಎರಗುವವು ಅಗಲ ಬಾಯಿಯ, ಉದ್ದ ಮೀಸೆಯ, ರಾತ್ರಿ ತಳದಲ್ಲಿ ಸುತ್ತುವ ಬಾಳೆ ಮೀನು ಮತ್ತು ಹಾವಿನ ತಲೆಯಂತಹ ತಲೆಯುಳ್ಳ ಕೊರವ. ಕೊರವಕ್ಕೆ ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗವೂ ಇರುವುದರಿಂದ ಅದು ಆಗಾಗ ಮೇಲಕ್ಕೆ ಬಂದು ಗಾಳಿ ಗುಟುಕರಿಸುತ್ತದೆ, ಆಗ ಏಳುವ ಸಣ್ಣ ಅಲೆಯೇ ಅದರ ವಿಳಾಸವನ್ನು ಹೇಳುತ್ತದೆ. ಕಚ್ಚಿದೊಡನೆ ಕೋಲನ್ನು ಎಳೆಯದೆ, ಅದು ಸಿಗಡಿಯನ್ನು ಬಾಯಲ್ಲಿ ತಿರುಗಿಸಿಕೊಂಡು ನುಂಗುವವರೆಗೆ ದಾರವನ್ನು ಸಡಿಲ ಬಿಡುವುದೇ ಬಲ್ಲವರ ರೀತಿ.

ಗಾಳದ ವಿನೋದವು ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದ್ದು, ಮೀನುಗಳ ಬಗೆಗಳನ್ನೂ ಅವುಗಳಿಗೆ ಉಣಿಸುವ ಎರೆಗಳನ್ನೂ ವಿವರಿಸುತ್ತದೆ. ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಆ ಭಾಗದ ಅಧ್ಯಯನವನ್ನು ಪ್ರಕಟಿಸಿದ್ದರು. ಒಬ್ಬ ಅರಸನು ಗಾಳ ಹಾಕುವುದನ್ನು ವಿದ್ಯೆಯೆಂದು ಎಣಿಸಿ ಬರೆದಿಟ್ಟದ್ದು ನಾಡು ಹೆಚ್ಚು ನೆನೆಯಬೇಕಾದ ಸಂಗತಿ.

ಧೂಪದಾಳದ ಹಿನ್ನೀರು 1974ರಿಂದ ಘಟಪ್ರಭಾ ಪಕ್ಷಿಧಾಮಕ್ಕೆ ಸೇರಿರುವುದರಿಂದ ಅಲ್ಲಿ ಗಾಳಕ್ಕೆ ಎಡೆಯಿಲ್ಲ ಎಂದೇ ಭಾವಿಸಬೇಕು. ಅಲ್ಲಿನ ಮೀನು ಹಕ್ಕಿಗಳ ಪಾಲು. ಜಲಾಶಯದಲ್ಲಿ ಮೀನುಗಾರಿಕೆ ಇಲಾಖೆಯ ನಿಯಮಗಳನ್ನೂ, ಅಲ್ಲಿ ದುಡಿದು ಬದುಕುವ ಅಂಬಿಗರ ಬಲೆಗಳ ದಾರಿಯನ್ನೂ ಗೌರವಿಸಬೇಕು. ಮುಂಗಾರಿನಲ್ಲಿ ಕೊರವದ ಜೋಡಿ ತನ್ನ ಮರಿಗಳ ಹಿಂಡನ್ನು ಕಾಯುತ್ತಿರುವಾಗ ತಾಯಿತಂದೆಗಳನ್ನು ಹಿಡಿದರೆ ಹಿಂಡು ಬೇರೆ ಮೀನುಗಳ ಪಾಲಾಗುವುದರಿಂದ, ಆ ತಿಂಗಳುಗಳಲ್ಲಿ ಕೋಲನ್ನು ಅಟ್ಟಕ್ಕೇರಿಸಿ, ಕೆಂಪಾದ ಹೊಳೆ ತಿಳಿಯಾಗುವವರೆಗೆ ಕಾಯುವುದೇ ಸರಿ.